ವಿಕಲಚೇತನರ ಉದ್ಯೋಗ: ಸಂಸ್ಥೆಗೆ ಹಣ ಸಿಗಬೇಕಾದದ್ದು ಯಾವ ದಿನ?

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ವಿಕಲಚೇತನರಿಗೆ ತರಬೇತಿ ಕೊಟ್ಟು, ಕೆಲಸ ಹುಡುಕಿಕೊಟ್ಟು, ಆ ಕೆಲಸದಲ್ಲಿ ನೆಲೆ ನಿಲ್ಲುವ ತನಕ ಜೊತೆಗಿರುವ ಸಂಸ್ಥೆಗಳಿಗೆ ಸರ್ಕಾರ ಯಾವ ಲೆಕ್ಕದಲ್ಲಿ ಹಣ ಕೊಡುತ್ತದೆ, ಆ ಲೆಕ್ಕ ಹೇಗೆ ಬದಲಾಗಬೇಕು ಎಂದು ಕೇಳಿ ಬಂದ ಪತ್ರಗಳಲ್ಲಿ ಏಳನ್ನು ಈ ಸಂಚಿಕೆಗೆ ಆಯ್ದಿದ್ದೇವೆ.

ಪ್ರ: ನಮ್ಮ ಬ್ಯಾಚಿಗೆ 20 ಮಂದಿ ಸೇರಿದ್ದರು. ಇಬ್ಬರು ನಡುವೆಯೇ ಬಿಟ್ಟರು. 18 ಮಂದಿಗೆ ಪ್ರಮಾಣಪತ್ರ ಸಿಕ್ಕಿತು, 8 ಮಂದಿ ಈಗಲೂ ಕೆಲಸದಲ್ಲಿದ್ದಾರೆ. ಆದರೂ ಕೊನೆಯ ಕಂತು ಒಂದು ರೂಪಾಯಿಯೂ ಬರಲಿಲ್ಲ. ಎಂಟು ಜನರ ದುಡಿಮೆಗೆ ಬೆಲೆಯೇ ಇಲ್ಲವೇ? — ತರಬೇತಿ ಸಂಯೋಜಕಿ, ಹುಬ್ಬಳ್ಳಿ

ಉ: ನಿಯಮದ ಪ್ರಕಾರ ಇಲ್ಲ. ನಮ್ಮ ದೃಷ್ಟಿಯಲ್ಲಿ ಬದಲಾಗಬೇಕಾದ ಮೊದಲ ನಿಯಮ ಇದೇ.

ಕಾಮನ್ ನಾರ್ಮ್ಸ್ ಎಂದು ಎಲ್ಲರೂ ಕರೆಯುವ, 2015ರ ಜುಲೈನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಕೌಶಲ ಯೋಜನೆಗಳ ನಿಯಮಾವಳಿ ಮೂರು ಕಂತುಗಳನ್ನು ಗೊತ್ತುಮಾಡಿತು: ಬ್ಯಾಚ್ ಶುರುವಾದಾಗ ಶೇ 30, ಪ್ರಮಾಣಪತ್ರ ಸಿಕ್ಕಾಗ ಶೇ 50, ಕೆಲಸ ಸಿಕ್ಕಿದ್ದಕ್ಕೆ ಶೇ 20. ಆಮೇಲೆ ಯೋಜನೆಯಿಂದ ಯೋಜನೆಗೆ ಈ ಪ್ರಮಾಣ ಬದಲಾಗಿದೆ, ಗಂಟೆಯ ದರವೂ ಏರಿದೆ. ನಿಮ್ಮ ಕೈಯಲ್ಲಿರುವ ಒಪ್ಪಂದದಲ್ಲಿ ಏನಿದೆ ಎಂಬುದನ್ನೇ ಅಂತಿಮವೆಂದು ನೋಡಿ. ಒಳಗಿನ ಯಂತ್ರ ಹೇಗೆ ತಿರುಗುತ್ತದೆ ಎಂದು ತಿಳಿಯಲು ಹಳೆಯ ಅಂಕಿಗಳೇ ಸಾಕು.

ಮೊದಲ ವರ್ಗದ ಕೋರ್ಸಿಗೆ ಆಗ ಗಂಟೆಗೆ ₹38.50. 300 ಗಂಟೆಯ ಕೋರ್ಸಾದರೆ ತಲೆಗೆ ₹11,550. ಇಪ್ಪತ್ತು ಮಂದಿಗೆ ಮೊದಲ ಕಂತು ₹69,300. ಎರಡನೆಯ ಕಂತು 18 ಮಂದಿಗೆ ₹1,03,950. ಬಿಟ್ಟುಹೋದ ಇಬ್ಬರಿಗೆ ಮೊದಲೇ ಕೊಟ್ಟಿದ್ದ ₹6,930ನ್ನು ಇದರಲ್ಲೇ ಹಿಡಿದುಕೊಳ್ಳುತ್ತಾರೆ, ಉಳಿಯುವುದು ₹97,020. ಮೂರನೆಯದು ಪೂರ್ತಿ ಬಂದರೆ ₹41,580. ಪ್ರಮಾಣಪತ್ರ ಪಡೆದವರಲ್ಲಿ ಶೇ 70 ಮಂದಿಗೆ ಕೆಲಸ ಸಿಕ್ಕಿದರೆ ಮಾತ್ರ ಅದು ಪೂರ್ತಿ ಬರುತ್ತದೆ. ಶೇ 50ರಿಂದ 69ರ ನಡುವೆ ಇದ್ದರೆ ಆ ಪ್ರಮಾಣಕ್ಕೆ ತಕ್ಕಷ್ಟು. ಶೇ 50ಕ್ಕಿಂತ ಕೆಳಗೆ ಸೊನ್ನೆ. ನಿಮ್ಮ 8 ಮಂದಿ ಎಂದರೆ ಶೇ 44.

ಒಂಬತ್ತನೆಯವರಿಗೆ ಕೆಲಸ ಸಿಕ್ಕಿದ್ದರೆ, ತಲೆಲೆಕ್ಕದಲ್ಲಿ ಹಂಚಿದರೂ ಸುಮಾರು ₹20,790 ಬರುತ್ತಿತ್ತು. ಹನ್ನೆರಡರಿಂದ ಹದಿಮೂರಕ್ಕೆ ಏರಿದಾಗ ಇನ್ನೊಂದು ನೆಗೆತ, ₹27,720 ಇದ್ದದ್ದು ₹41,580 ಆಗುತ್ತದೆ. ಹತ್ತನೆಯವರು, ಹದಿನಾಲ್ಕನೆಯವರು ಸೇರಿದಾಗ ಇಂಥ ನೆಗೆತ ಇಲ್ಲ. ಹೀಗಿರುವಾಗ ಬ್ಯಾಚ್ ಮುಗಿಯುವ ಹೊತ್ತಿಗೆ ಸಂಸ್ಥೆಯ ಶಕ್ತಿಯೆಲ್ಲ ಆ ಗೆರೆ ದಾಟಿಸಬಲ್ಲ ಒಬ್ಬರ ಹಿಂದೆ ಓಡುತ್ತದೆ, ಗೆರೆ ಹೇಗೂ ದಾಟುವುದಿಲ್ಲ ಎಂದು ಗೊತ್ತಾದ ಬ್ಯಾಚನ್ನು ಅಲ್ಲಿಗೇ ಕೈಬಿಡುತ್ತಾರೆ. ಪರಿಹಾರ ಕಷ್ಟದ್ದಲ್ಲ. ಬ್ಯಾಚಿನ ಶೇಕಡಾವಾರು ಬಿಟ್ಟು, ಕೆಲಸದಲ್ಲಿ ನಿಂತ ಒಬ್ಬೊಬ್ಬರಿಗೂ ಪ್ರತ್ಯೇಕ ಮೊತ್ತ ನಿಗದಿ ಮಾಡಬೇಕು. ಎಂಟು ಮಂದಿ ನಿಂತರೆ ಎಂಟು ಮಂದಿಯ ಹಣ.

ತಕ್ಷಣಕ್ಕೆ ಒಂದು ಮಾತು. ನಿಮ್ಮ ಉಳಿದ 10 ಮಂದಿಯಲ್ಲಿ ಯಾರಾದರೂ ಮನೆಯಲ್ಲೇ ಹೊಲಿಗೆಯನ್ನೋ ಮೊಬೈಲ್ ರಿಪೇರಿಯನ್ನೋ ಶುರುಮಾಡಿದ್ದಾರೆಯೇ ವಿಚಾರಿಸಿ. ದಾಖಲೆ ಇದ್ದರೆ ಸ್ವಯಂ ಉದ್ಯೋಗವೂ ಲೆಕ್ಕಕ್ಕೆ ಬರುತ್ತದೆ. ಆದರೆ ಸಂಬಳದ ಕೆಲಸಕ್ಕೆ ಬೇರೆಯೇ ಕನಿಷ್ಠ ಮಿತಿ ಇರುವುದರಿಂದ, ಅರ್ಜಿ ಹಾಕುವ ಮೊದಲು ಆ ಷರತ್ತನ್ನು ಓದಿಕೊಳ್ಳಿ.

ಪ್ರ: ನನ್ನ ಮಗನಿಗೆ 22 ವರ್ಷ, ಬೌದ್ಧಿಕ ಅಸಾಮರ್ಥ್ಯ ಇದೆ. ತರಬೇತಿ ಕೇಂದ್ರದವರು ‘ಬ್ಯಾಚ್ ತುಂಬಿದೆ’ ಎಂದು ಎರಡು ಸಲ ವಾಪಸ್ ಕಳಿಸಿದರು. ಕಾಲಿಗೆ ಸ್ವಲ್ಪ ಊನ ಇರುವ ಪದವೀಧರರನ್ನು ಅದೇ ವಾರ ಸೇರಿಸಿಕೊಂಡರು. — ಒಬ್ಬ ತಾಯಿ, ಶಿವಮೊಗ್ಗ

ಉ: ಅಮ್ಮಾ, ಕೇಂದ್ರದವರು ಮಾಡಿದ್ದು ತಪ್ಪು. ಆದರೆ ಆ ತಪ್ಪಿಗೆ ಹಾದಿ ಮಾಡಿಕೊಟ್ಟದ್ದು ಹಣ ಕೊಡುವ ಪದ್ಧತಿ. ಇಬ್ಬರಿಗೂ ಒಂದೇ ದರ ಇದ್ದಾಗ, ಆರು ವಾರದಲ್ಲಿ ಕೆಲಸಕ್ಕೆ ಸೇರುವ ಪದವೀಧರನೂ, ಆರು ತಿಂಗಳು ಪಕ್ಕದಲ್ಲಿ ನಿಂತು ಹೇಳಿಕೊಡಬೇಕಾದ ನಿಮ್ಮ ಮಗನೂ ಸಂಸ್ಥೆಯ ಪುಸ್ತಕದಲ್ಲಿ ಒಂದೇ ಬೆಲೆ. ಇದು ಹಾಲಿನ ಕೆನೆಯನ್ನಷ್ಟೇ ಎತ್ತಿಕೊಳ್ಳುವ ಕೆಲಸ. ಬ್ರಿಟನ್ನಿನಲ್ಲಿ 2011ರಲ್ಲಿ ಶುರುವಾದ ವರ್ಕ್ ಪ್ರೋಗ್ರಾಂ ಎಂಬ ಯೋಜನೆಯಲ್ಲಿ ಇದು ದೊಡ್ಡ ಪ್ರಮಾಣದಲ್ಲಿ ಕಂಡಿತು. ಅಲ್ಲಿ ಒಂಬತ್ತು ಗುಂಪು ಮಾಡಿ ಬೇರೆ ಬೇರೆ ದರ ಇಟ್ಟಿದ್ದರೂ ಕೆನೆ ಎತ್ತುವುದು ನಿಲ್ಲಲಿಲ್ಲ. ಕಾರಣ, ಆ ಗುಂಪುಗಳನ್ನು ಮಾಡಿದ್ದು ಯಾರು ಯಾವ ಸರ್ಕಾರಿ ಭತ್ಯೆ ಪಡೆಯುತ್ತಿದ್ದಾರೆ ಎಂಬುದರ ಮೇಲೆ. ಅವರಿಗೆ ಎಷ್ಟು ನೆರವು ಬೇಕು ಎಂಬುದನ್ನು ಅಳೆದಿರಲಿಲ್ಲ. ಒಂದೇ ಗುಂಪಿನೊಳಗೆ ಸುಲಭದವರನ್ನು ಆರಿಸಿ, ಕಷ್ಟದವರನ್ನು ಹೆಸರಿಗೆ ಸೇರಿಸಿಕೊಂಡು ಮೂಲೆಯಲ್ಲಿ ಕೂರಿಸಿದರು.

ನಮ್ಮಲ್ಲೂ ಪ್ರಮಾಣಪತ್ರದ ಶೇಕಡಾವಾರನ್ನು ನೋಡಿ ದರ ಇಟ್ಟರೆ ಇದೇ ಆಗುತ್ತದೆ. ಶೇ 75 ದೃಷ್ಟಿದೋಷ ಇದ್ದೂ ಸ್ಕ್ರೀನ್ ರೀಡರ್ ಬಲ್ಲವರಿಗೆ ಕಚೇರಿ ಕೆಲಸಕ್ಕೆ ಹತ್ತು ಗಂಟೆಯ ನೆರವು ಸಾಕಾಗಬಹುದು. ಶೇ 50 ಬೌದ್ಧಿಕ ಅಸಾಮರ್ಥ್ಯ ಇದ್ದು, ಒಬ್ಬರೇ ಬಸ್ ಹತ್ತಿ ಗೊತ್ತಿಲ್ಲದವರಿಗೆ ನೂರೈವತ್ತು ಗಂಟೆ ಬೇಕಾಗಬಹುದು. ಅಳೆಯಬೇಕಾದದ್ದು ಇವನ್ನು: ಒಬ್ಬರೇ ಪ್ರಯಾಣ ಮಾಡಬಲ್ಲರೇ, ಮಾತು ಅಥವಾ ಸನ್ನೆಯಲ್ಲಿ ಅಪರಿಚಿತರಿಗೆ ವಿಷಯ ತಿಳಿಸಬಲ್ಲರೇ, ಹಿಂದೆ ಎಷ್ಟು ತಿಂಗಳು ದುಡಿದಿದ್ದಾರೆ, ಓದು ಎಷ್ಟು, ಮನೆಯಿಂದ ಕೆಲಸದ ಜಾಗ ಎಷ್ಟು ದೂರ, ಮನೆಯವರ ಬೆಂಬಲ ಹೇಗಿದೆ. ಅಳೆಯುವವರು ಹಣ ಪಡೆಯುವ ಸಂಸ್ಥೆಯವರೇ ಆಗಿರಲೂಬಾರದು. ಹಾಗಾದರೆ ಎಲ್ಲರೂ ‘ಅತಿ ಕಷ್ಟ’ದ ಪಟ್ಟಿಗೆ ಸೇರುತ್ತಾರೆ. ಆಸ್ಟ್ರೇಲಿಯಾ 2018ರ ಜುಲೈನಿಂದ ಐದು ದರಗಳ ಪದ್ಧತಿ ತಂದಾಗ, ವ್ಯಕ್ತಿಯ ಕೆಲಸದ ಸಾಮರ್ಥ್ಯ ಅಂದಾಜು ಮಾಡುವುದನ್ನು ಸರ್ಕಾರಿ ಸಂಸ್ಥೆಯ ಕೈಯಲ್ಲೇ ಉಳಿಸಿಕೊಂಡಿತು.

ಈಗ ನೀವು ಮಾಡಬಹುದಾದದ್ದು. ಮುಂದಿನ ಸಲ ಕೇಂದ್ರಕ್ಕೆ ಹೋದಾಗ ಅರ್ಜಿಯನ್ನು ಬರವಣಿಗೆಯಲ್ಲೇ ಕೊಟ್ಟು, ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿನ ಪ್ರತಿ ಲಗತ್ತಿಸಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಸೇರಿಸದಿದ್ದರೆ ಕಾರಣವನ್ನೂ ಬರವಣಿಗೆಯಲ್ಲೇ ಕೇಳಿ. ವಿಕಲಚೇತನರ ಹಕ್ಕುಗಳ 2016ರ ಕಾಯ್ದೆಯ 19ನೇ ಸೆಕ್ಷನ್ ಸಾಮಾನ್ಯ ಕೌಶಲ ತರಬೇತಿಗಳಲ್ಲಿ ವಿಕಲಚೇತನರನ್ನು ಸೇರಿಸಿಕೊಳ್ಳಬೇಕು ಎನ್ನುವುದಷ್ಟೇ ಅಲ್ಲ, ಬೌದ್ಧಿಕ ಅಸಾಮರ್ಥ್ಯ, ಆಟಿಸಂ, ಬಹುವಿಧ ಅಂಗವೈಕಲ್ಯ ಇರುವವರಿಗೆ ಮಾರುಕಟ್ಟೆಯ ಜೊತೆ ನಂಟಿರುವ ಪ್ರತ್ಯೇಕ ತರಬೇತಿಯೂ ಇರಬೇಕು ಎನ್ನುತ್ತದೆ. ಉತ್ತರ ಬಾರದಿದ್ದರೆ ರಾಜ್ಯ ಅಂಗವಿಕಲರ ಆಯುಕ್ತರಿಗೆ ದೂರು ಕೊಡಬಹುದು. ಅರ್ಜಿ ಬರೆಯಲು ನಿಮ್ಮ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು ನೆರವಾಗಬೇಕು, ಅದು ಅವರ ಕೆಲಸದ ಭಾಗ.

ಪ್ರ: ‘ಮೈಲಿಗಲ್ಲು ಪಾವತಿ’ ಎಂದರೇನು? ಗಂಟೆಯ ಲೆಕ್ಕದಲ್ಲಿ ಕೊಡುವುದಕ್ಕಿಂತ ಅದು ಹೇಗೆ ಮೇಲು? — ಸಮಾಜಕಾರ್ಯ ವಿದ್ಯಾರ್ಥಿ, ಮೈಸೂರು

ಉ: ಈ ಪದ್ಧತಿಗೆ ಹೆಸರಾದದ್ದು ಅಮೆರಿಕದ ಒಕ್ಲಹೋಮಾ ರಾಜ್ಯ. 1990ರ ದಶಕದ ಆರಂಭದ ತನಕ ಅಲ್ಲಿನ ಪುನರ್ವಸತಿ ಇಲಾಖೆ ಸಂಸ್ಥೆಗಳಿಗೆ ಗಂಟೆಯ ಲೆಕ್ಕದಲ್ಲಿ ಹಣ ಕೊಡುತ್ತಿತ್ತು. ಕೆಲಸದ ಜಾಗದಲ್ಲಿ ಪಕ್ಕದಲ್ಲಿದ್ದು ಹೇಳಿಕೊಡುವ ಜಾಬ್ ಕೋಚ್ ಎಷ್ಟು ಗಂಟೆ ಜೊತೆಗಿದ್ದರೋ ಅಷ್ಟು ಬಿಲ್ಲು. ಮೇಲುನೋಟಕ್ಕೆ ನ್ಯಾಯವಾಗಿಯೇ ಕಾಣುತ್ತದೆ. ಆದರೆ ಬೇಗ ಕೆಲಸ ಕೊಡಿಸಿದ ಸಂಸ್ಥೆಗೆ ಬಿಲ್ಲು ಕಡಿಮೆ, ವರ್ಷಗಟ್ಟಲೆ ‘ಸಿದ್ಧತೆ’ಯಲ್ಲೇ ಇಟ್ಟುಕೊಂಡ ಸಂಸ್ಥೆಗೆ ಹೆಚ್ಚು. ಕಾಯುವವರ ಪಟ್ಟಿ ಬೆಳೆಯಿತು. ಆಗ ದಾರಿಯನ್ನು ಹಂತಗಳಾಗಿ ಕತ್ತರಿಸಿ, ಹಂತ ಮುಟ್ಟಿದಾಗ ನಿಗದಿತ ಮೊತ್ತ ಕೊಡುವ ಪದ್ಧತಿ ತಂದರು. ಹೆಚ್ಚು ನೆರವು ಬೇಕಾದವರಿಗೆ ಬೇರೆಯೇ ಮೇಲಿನ ದರ ಇಟ್ಟರು. 1997ರಲ್ಲಿ ಈ ಪದ್ಧತಿಗೆ ಅಮೆರಿಕದ ಸರ್ಕಾರಿ ನಾವೀನ್ಯ ಪ್ರಶಸ್ತಿಯೂ ಬಂತು.

ನಮ್ಮ ಪರಿಸ್ಥಿತಿಗೆ ಒಗ್ಗುವ ಹಂಚಿಕೆಯೊಂದನ್ನು ಉದಾಹರಣೆಯಾಗಿ ಕೊಡುತ್ತೇವೆ. ಮಧ್ಯಮ ನೆರವು ಬೇಕಾದ ಒಬ್ಬರಿಗೆ ಒಟ್ಟು ₹40,000 ಎಂದುಕೊಳ್ಳಿ. ಇದರಲ್ಲಿ ₹12,000ನ್ನು ತಿಂಗಳಿಗೆ ₹1,500ರಂತೆ ಎಂಟು ತಿಂಗಳು, ಯಾವ ಹಂತಕ್ಕೂ ಕಟ್ಟುಹಾಕದೆ ಕೊಡಬೇಕು. ಅದು ಸಂಸ್ಥೆಯ ಉಸಿರು. ಉಳಿದದ್ದು ಹೀಗೆ: ವ್ಯಕ್ತಿಯ ಕೆಲಸದ ಸಾಮರ್ಥ್ಯದ ಅಂದಾಜು ಮುಗಿದಾಗ ₹4,000, ಕೆಲಸದ ಮೊದಲ ದಿನ ₹6,000, ನಾಲ್ಕನೆಯ ವಾರ ₹6,000, ಹದಿಮೂರನೆಯ ವಾರ ₹8,000, ಇಪ್ಪತ್ತಾರನೆಯ ವಾರ ₹4,000.

ಪ್ರತಿ ಹಂತವೂ ಕೆಡುವ ರೀತಿ ಬೇರೆ. ಅಂದಾಜಿಗೆ ಹಣ ಇಟ್ಟ ಕೂಡಲೇ ಹೆಸರಷ್ಟೇ ಬದಲಿಸಿದ ಒಂದೇ ವರದಿ ಇಪ್ಪತ್ತು ಸಲ ಬರುತ್ತದೆ. ಅದಕ್ಕೆ ಕನಿಷ್ಠ ಎರಡು ನಿಜವಾದ ಕೆಲಸದ ಜಾಗಗಳಲ್ಲಿ ಅರ್ಧ ಅರ್ಧ ದಿನ ಕೆಲಸ ಮಾಡಿಸಿ ನೋಡಿರಬೇಕು, ಎರಡೂ ಜಾಗದವರ ಟಿಪ್ಪಣಿ ಇರಬೇಕು ಎಂದು ಬರೆಯಬೇಕು. ಕೋಣೆಯಲ್ಲಿ ಕೂರಿಸಿ ತುಂಬಿಸಿದ ಫಾರಂ ಒಪ್ಪಬಾರದು. ಮೊದಲ ದಿನದ ಹಂತಕ್ಕೆ ದೊಡ್ಡ ಮೊತ್ತ ಇಟ್ಟರೆ ಒಂದು ದಿನದ ಕೆಲಸಗಳು ಹುಟ್ಟಿಕೊಳ್ಳುತ್ತವೆ: ಪರಿಚಯದ ಅಂಗಡಿಯವರಿಂದ ಒಂದು ನೇಮಕ ಪತ್ರ, ಒಂದು ಫೋಟೊ, ಮುಗಿಯಿತು. ನಾಲ್ಕನೆಯ ವಾರಕ್ಕೆ ಅಷ್ಟೇ ಮೊತ್ತ ಇಟ್ಟಿರುವುದು ಇದಕ್ಕಾಗಿ. ಕೆಲಸ ಬಿಡುವವರಲ್ಲಿ ಹೆಚ್ಚಿನವರು ಬಿಡುವುದು ಆ ಮೊದಲ ವಾರಗಳಲ್ಲೇ. ಬಸ್ ಪಾಸ್, ಶೌಚಾಲಯ, ಊಟದ ಬಿಡುವು, ಮೇಸ್ತ್ರಿಯ ಮಾತಿನ ಧಾಟಿ, ಎಲ್ಲ ಆಗಲೇ ಬಯಲಾಗುತ್ತವೆ.

ಕೊನೆಯ ಹಂತವನ್ನು ಎಲ್ಲಿ ನಿಲ್ಲಿಸಬೇಕು ಎಂಬುದು ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಅಮೆರಿಕದ ಕೇಂದ್ರ ನಿಯಮದಲ್ಲಿ ಕನಿಷ್ಠ 90 ದಿನ ಕೆಲಸದಲ್ಲಿ ಉಳಿದರೆ ಪ್ರಕರಣ ಮುಚ್ಚಬಹುದು. ನಮ್ಮ ಕಾಮನ್ ನಾರ್ಮ್ಸ್‌ನಲ್ಲೂ ಕನಿಷ್ಠ ವೇತನಕ್ಕೆ ಕಡಿಮೆಯಿಲ್ಲದ ಸಂಬಳದಲ್ಲಿ ಮೂರು ತಿಂಗಳು ಉಳಿದರೆ ಅದು ಉದ್ಯೋಗ. ಹಣ ನಿಂತ ದಿನವೇ ಕೋಚ್ ಬರುವುದೂ ನಿಲ್ಲುತ್ತದೆ. ಆದರೆ ಮೇಲ್ವಿಚಾರಕರು ಬದಲಾಗುವುದು, ರಾತ್ರಿ ಪಾಳಿ ಹಾಕುವುದು, ಹೊಸ ಯಂತ್ರ ಬರುವುದು ನಾಲ್ಕನೆಯ ತಿಂಗಳಲ್ಲೋ ಏಳನೆಯ ತಿಂಗಳಲ್ಲೋ ಆಗುವ ಸಂಗತಿಗಳು. ಅದಕ್ಕೇ 26ನೇ ವಾರ ಬೇಕೇ ಬೇಕು. ಆಸ್ಟ್ರೇಲಿಯಾದವರು 2018ರಲ್ಲಿ 4, 13, 26ರ ಜೊತೆ 52ನೇ ವಾರವನ್ನೂ ಸೇರಿಸಿದರು.

ಒಪ್ಪಂದದಲ್ಲಿ ಇನ್ನೂ ಒಂದು ಸಾಲು ಮರೆಯಬಾರದು. ಹನ್ನೊಂದನೆಯ ವಾರ ಕಾರ್ಖಾನೆಯೇ ಮುಚ್ಚಿದರೆ ಎಣಿಕೆ ಮತ್ತೆ ಒಂದರಿಂದ ಶುರುವಾಗಬಾರದು. ನಾಲ್ಕು ವಾರದೊಳಗೆ ಬೇರೆ ಕಡೆ ಸೇರಿದರೆ ಹನ್ನೆರಡನೆಯ ವಾರದಿಂದಲೇ ಎಣಿಕೆ ಮುಂದುವರಿಯಬೇಕು. ಈ ಸಾಲು ಇಲ್ಲದ ಕಡೆ, ಕೆಲಸ ಕಳೆದುಕೊಂಡವರ ಫೋನನ್ನು ಸಂಸ್ಥೆಯವರು ಎತ್ತುವುದೇ ಇಲ್ಲ.

ಪ್ರ: ಪೂರ್ತಿ ಹಣವನ್ನು ಫಲಿತಾಂಶ ಬಂದ ಮೇಲೇ ಕೊಡುವುದು ಒಳ್ಳೆಯದಲ್ಲವೇ? ಸರ್ಕಾರದ ದುಡ್ಡು ಪೋಲಾಗುವುದಿಲ್ಲ. — ಚಾರ್ಟರ್ಡ್ ಅಕೌಂಟೆಂಟ್, ದಾವಣಗೆರೆ

ಉ: ಪೋಲಾಗುವುದಿಲ್ಲ, ನಿಜ. ಆದರೆ ಕೆಲಸವೂ ನಡೆಯುವುದಿಲ್ಲ. ಅಮೆರಿಕದಲ್ಲಿ 1999ರ ಟಿಕೆಟ್ ಟು ವರ್ಕ್ ಕಾಯ್ದೆಯ ಅನುಭವ ಇದನ್ನು ತೋರಿಸಿತು. ಅಂಗವಿಕಲ ಭತ್ಯೆ ಪಡೆಯುವವರು ಇಷ್ಟಪಟ್ಟ ಸಂಸ್ಥೆಗೆ ತಮ್ಮ ‘ಟಿಕೆಟ್’ ಕೊಡಬಹುದು, ಅವರು ದುಡಿದು ಭತ್ಯೆಯಿಂದ ಹೊರಬಂದ ತಿಂಗಳುಗಳಿಗೆ ಸಂಸ್ಥೆಗೆ ಹಣ. 60 ತಿಂಗಳ ತನಕ ಕಂತುಗಳು. ಕಾಗದದ ಮೇಲೆ ಮೊತ್ತ ಚೆನ್ನಾಗಿತ್ತು. ಆದರೆ ಖರ್ಚು ಇಂದು, ಆದಾಯ ವರ್ಷದ ಆಚೆ. ಸಣ್ಣ ಸಂಸ್ಥೆಗಳು ಟಿಕೆಟ್ ಮುಟ್ಟಲೇ ಇಲ್ಲ. ಕೊನೆಗೆ 2008ರಲ್ಲಿ ನಿಯಮ ತಿದ್ದಿ, ಭತ್ಯೆ ನಿಲ್ಲುವ ಮೊದಲೇ, ಅಲ್ಪ ಗಳಿಕೆಯ ಹಂತದಲ್ಲೇ ಹಣ ಸಿಗುವಂತೆ ಮಾಡಬೇಕಾಯಿತು. ಬ್ರಿಟನ್ನಿನ ವರ್ಕ್ ಪ್ರೋಗ್ರಾಂನಲ್ಲೂ ಒಬ್ಬರನ್ನು ಸೇರಿಸಿಕೊಂಡಾಗ ಕೊಡುತ್ತಿದ್ದ ಸುಮಾರು 400 ಪೌಂಡ್ ಶುಲ್ಕವನ್ನು ವರ್ಷ ವರ್ಷ ಇಳಿಸಿ 2014ಕ್ಕೆ ಸೊನ್ನೆ ಮಾಡಿದರು. ಕಷ್ಟದವರ ಮೇಲೆ ಮುಂಗಡ ಖರ್ಚು ಮಾಡಲು ಇದ್ದ ಕೊನೆಯ ಕಾರಣವೂ ಹೋಯಿತು.

ನೀವು ಲೆಕ್ಕಪತ್ರ ಬಲ್ಲವರು, ಸಣ್ಣ ಸಂಸ್ಥೆಯ ನಗದನ್ನು ಹೀಗೆ ನೋಡಿ. ಒಬ್ಬ ಕೋಚ್‌ಗೆ ಸಂಬಳ, ಓಡಾಟ, ಕಚೇರಿಯ ಪಾಲು ಸೇರಿ ತಿಂಗಳಿಗೆ ₹40,000 ಖರ್ಚು. ಸೇರ್ಪಡೆಯಿಂದ ಹದಿಮೂರನೆಯ ವಾರದ ಸಂಬಳ ಚೀಟಿ ಕೈಗೆ ಬರುವ ತನಕ ಎಂಟು ತಿಂಗಳು, ಬಿಲ್ಲು ಪಾಸಾಗಲು ಇನ್ನೆರಡು. ಹತ್ತು ತಿಂಗಳಿಗೆ ₹4,00,000 ಕೈಯಿಂದ ಹಾಕಬೇಕು. ತಾಲ್ಲೂಕು ಮಟ್ಟದ ಸಂಸ್ಥೆಗೆ ಇದಕ್ಕೆ ಬ್ಯಾಂಕ್ ಸಾಲ ಸಿಗುವುದಿಲ್ಲ. ಹಣವಿರುವ ದೊಡ್ಡ ಏಜೆನ್ಸಿಗಳಷ್ಟೇ ಉಳಿಯುತ್ತವೆ, ಅವು ಜಿಲ್ಲಾ ಕೇಂದ್ರ ಬಿಟ್ಟು ಕದಲುವುದಿಲ್ಲ. ಮೇಲಿನ ಉತ್ತರದ ಹಂಚಿಕೆಯಲ್ಲಿ ಮೊದಲ ದಿನದ ಹೊತ್ತಿಗೆ ಶೇ 40–50ರಷ್ಟು ಬಂದಿರುವಂತೆ ಇಟ್ಟದ್ದು ಇದಕ್ಕೇ. ಆಸ್ಟ್ರೇಲಿಯಾದ ಸುಧಾರಣೆಯಲ್ಲೂ ಸೇವೆಯ ಶುಲ್ಕ, ಫಲಿತಾಂಶದ ಶುಲ್ಕ ಹೆಚ್ಚುಕಡಿಮೆ ಅರ್ಧರ್ಧ ಇರಲಿ ಎಂಬುದೇ ಗುರಿಯಾಗಿತ್ತು.

ಪ್ರ: ಪೀಣ್ಯದ ನಮ್ಮ ಘಟಕದಲ್ಲಿ 14 ಮಂದಿ ಕಿವುಡ ಕೆಲಸಗಾರರಿದ್ದಾರೆ. ಸೇರಿಸಿದ ಸಂಸ್ಥೆಯವರು ಮೂರು ತಿಂಗಳು ಸಂಜ್ಞಾ ಭಾಷೆಯ ದುಭಾಷಿಯನ್ನು ಕಳಿಸಿ ಆಮೇಲೆ ನಿಲ್ಲಿಸಿದರು. ಮುಂದಿನದನ್ನು ನಮ್ಮ ಸಿಎಸ್‌ಆರ್ (ಕಂಪನಿಯ ಸಾಮಾಜಿಕ ಹೊಣೆಗಾರಿಕೆ) ಹಣದಿಂದ ಕೊಡಬಹುದೇ? — ಎಚ್‌ಆರ್ ವಿಭಾಗದವರು, ಬೆಂಗಳೂರು

ಉ: ನಿಮ್ಮದೇ ನೌಕರರಿಗೆ ಸಿಎಸ್‌ಆರ್ ಹಣ ಬಳಸುವಂತಿಲ್ಲ. ಕಂಪನಿ ಕಾಯ್ದೆಯ ಏಳನೇ ಷೆಡ್ಯೂಲ್‌ನಲ್ಲಿ ವಿಕಲಚೇತನರ ಉದ್ಯೋಗ ಕೌಶಲ ಸೇರಿದೆ, ಆದರೆ ಸ್ವಂತ ನೌಕರರಿಗೆ ಲಾಭವಾಗುವ ಚಟುವಟಿಕೆಯನ್ನು ಸಿಎಸ್‌ಆರ್ ನಿಯಮಗಳೇ ಹೊರಗಿಟ್ಟಿವೆ. ಹೊರಗಿನ ತರಬೇತಿಗೆ ಸಿಎಸ್‌ಆರ್, ಒಳಗಿನ ದುಭಾಷಿಗೆ ಎಚ್‌ಆರ್ ಬಜೆಟ್ ಎಂದು ಬೇರೆ ಮಾಡಿಕೊಳ್ಳಿ. ದುಭಾಷಿಯ ಏರ್ಪಾಡು 2016ರ ಕಾಯ್ದೆ ಹೇಳುವ ಸೂಕ್ತ ಹೊಂದಾಣಿಕೆಯ ಮಾತೇ ಹೊರತು ದಾನವಲ್ಲ.

ಅದೇ ಸಂಸ್ಥೆಯ ಜೊತೆ ಮೂರು ತಿಂಗಳಿಗೊಮ್ಮೆ ಹಣ ಕೊಡುವ ಒಪ್ಪಂದ ಮಾಡಿಕೊಳ್ಳಿ. 14 ಮಂದಿಗೆ ತಿಂಗಳಿಗೆ ಎರಡು ಅರ್ಧ ದಿನದ ಭೇಟಿ, ಅಗ್ನಿ ಸುರಕ್ಷೆಯ ಅಭ್ಯಾಸ ಮತ್ತು ಸಂಬಳ ಪರಿಷ್ಕರಣೆಯ ಮಾತುಕತೆಗೆ ಕಡ್ಡಾಯವಾಗಿ ದುಭಾಷಿ, ತುರ್ತಿಗೆ ವಿಡಿಯೊ ಕರೆ. ಇಷ್ಟರ ಜೊತೆ ಇಬ್ಬರು ಲೈನ್ ಸೂಪರ್‌ವೈಸರ್‌ಗಳಿಗೆ ಸಂಜ್ಞಾ ಭಾಷೆ ಕಲಿಸುವುದನ್ನೂ ಒಪ್ಪಂದದಲ್ಲಿ ಸೇರಿಸಿ. ಆಗ ಸಣ್ಣಪುಟ್ಟ ಮಾತಿಗೆ ದುಭಾಷಿಗಾಗಿ ಕಾಯಬೇಕಾಗುವುದಿಲ್ಲ. ಸರ್ಕಾರಿ ಯೋಜನೆಯಲ್ಲೂ ಇಂಥ ಮುಂದುವರಿದ ನೆರವಿಗೆ ಪ್ರತ್ಯೇಕ ಶುಲ್ಕ ಇರಬೇಕು. ಆಸ್ಟ್ರೇಲಿಯಾದ ಹಳೆಯ ಯೋಜನೆಯಲ್ಲಿ ಅಗತ್ಯಕ್ಕೆ ತಕ್ಕಂತೆ ಮೂರು ಮಟ್ಟದ ಮುಂದುವರಿದ ನೆರವು ಇತ್ತು.

ಪ್ರ: ಜಿಲ್ಲೆಯೊಂದರಲ್ಲಿ ಹೊಸ ಪಾವತಿ ಪದ್ಧತಿಯನ್ನು ಪ್ರಯೋಗಕ್ಕೆ ತರಬೇಕೆಂದರೆ ದರ ನಿಗದಿ ಎಲ್ಲಿಂದ ಶುರು ಮಾಡಬೇಕು? — ಇಲಾಖೆಯ ನೌಕರರು, ಉತ್ತರ ಕರ್ನಾಟಕ

ಉ: ಗಂಟೆಗಳಿಂದ. ಮೊದಲು ನಾಲ್ಕು ವಾರ, ಮೂರ್ನಾಲ್ಕು ಸಂಸ್ಥೆಗಳ ಕೋಚ್‌ಗಳು ಅರ್ಧ ಗಂಟೆಗೊಮ್ಮೆ ಏನು ಮಾಡಿದೆವು ಎಂದು ಬರೆದಿಡಲಿ: ವ್ಯಕ್ತಿಯ ಜೊತೆ, ಮಾಲೀಕರ ಜೊತೆ, ಮನೆಯವರ ಜೊತೆ, ಪ್ರಯಾಣ, ಕಾಗದಪತ್ರ. ತಿಂಗಳಿಗೆ 22 ದಿನ, ದಿನಕ್ಕೆ 8 ಗಂಟೆ ಎಂದರೆ 176 ಗಂಟೆ. ಪ್ರಯಾಣ, ದಾಖಲೆ ಕಳೆದು ನೇರ ಕೆಲಸಕ್ಕೆ ಉಳಿಯುವುದು 110 ಎಂದುಕೊಳ್ಳಿ. ಕೋಚ್‌ನ ತಿಂಗಳ ಒಟ್ಟು ಖರ್ಚು ₹40,000 ಆದರೆ ನೇರ ಗಂಟೆಗೆ ಸುಮಾರು ₹364. ಸುಲಭದವರಿಗೆ 26ನೇ ವಾರದ ತನಕ 70 ಗಂಟೆ ಬೇಕಾದರೆ ಸುಮಾರು ₹25,500, ಮಧ್ಯಮದವರಿಗೆ 110 ಗಂಟೆಗೆ ₹40,000, ಹೆಚ್ಚು ನೆರವಿನವರಿಗೆ 180 ಗಂಟೆಗೆ ₹65,500. ಇವು ಲೆಕ್ಕ ತೋರಿಸಲು ಹಾಕಿದ ಅಂಕಿಗಳು, ನಿಮ್ಮ ಜಿಲ್ಲೆಯ ಗಂಟೆ ನಿಮ್ಮ ದಾಖಲೆಯಿಂದಲೇ ಬರಬೇಕು. ಬೀದರ್‌ನಲ್ಲಿ ಹಳ್ಳಿಯಿಂದ ಹಳ್ಳಿಗೆ ಹೋಗುವ ಕೋಚ್‌ಗೆ 110 ನೇರ ಗಂಟೆ ಸಿಗುವುದು ಕಷ್ಟ.

ಇಲ್ಲಿಗೆ ನಿಲ್ಲಿಸುವುದೇ ಹೆಚ್ಚಿನವರು ಮಾಡುವ ತಪ್ಪು. ₹40,000 ಪೂರ್ತಿ ಬರುವುದು 26ನೇ ವಾರ ಮುಟ್ಟಿದವರಿಂದ ಮಾತ್ರ. ನೂರು ಮಂದಿ ಸೇರಿ 70 ಮಂದಿ ಕೆಲಸಕ್ಕೆ ಹೋದರು, 63 ಮಂದಿ ನಾಲ್ಕನೆಯ ವಾರ, 52 ಮಂದಿ ಹದಿಮೂರನೆಯ ವಾರ, 45 ಮಂದಿ ಇಪ್ಪತ್ತಾರನೆಯ ವಾರ ಮುಟ್ಟಿದರು ಎಂದುಕೊಳ್ಳಿ. ಮೈಸೂರಿನ ವಿದ್ಯಾರ್ಥಿಗೆ ಕೊಟ್ಟ ಹಂಚಿಕೆಯಲ್ಲಿ, ತಿಂಗಳ ಶುಲ್ಕ ಮತ್ತು ಅಂದಾಜಿನ ಹಣ ಎಲ್ಲರಿಗೂ ಬಂದರೂ, ಸರಾಸರಿ ಸಿಗುವುದು ಶೇ 75ರಷ್ಟು, ಎಂದರೆ ₹30,000. ನಡುವೆ ನಿಂತವರ ಮೇಲೆ ಗಂಟೆಗಳು ಕಡಿಮೆ ಖರ್ಚಾಗಿರುತ್ತವೆ, ಆದರೆ ಕಾಲು ಭಾಗ ಉಳಿಯುವಷ್ಟು ಕಡಿಮೆಯೇ? ಕೆಲಸ ಸಿಗದೆ ಎಂಟು ತಿಂಗಳು ಹುಡುಕಿಸಿದವರ ಮೇಲೆ ಎಲ್ಲರಿಗಿಂತ ಹೆಚ್ಚೇ ಆಗಿರಬಹುದು. ಆ ಗಂಟೆಗಳನ್ನೂ ಕೂಡಿಸಿ, ಸರಾಸರಿ ಆದಾಯ ಸರಾಸರಿ ಖರ್ಚನ್ನು ಮುಟ್ಟುವ ತನಕ ದರ ಏರಿಸಬೇಕು. ಎಲ್ಲರೂ ಗುರಿ ಮುಟ್ಟುತ್ತಾರೆಂದು ದರ ಹಾಕಿದರೆ ಪ್ರಾಮಾಣಿಕ ಸಂಸ್ಥೆ ಎರಡನೆಯ ವರ್ಷಕ್ಕೆ ಬಾಗಿಲು ಹಾಕುತ್ತದೆ.

ಒಬ್ಬ ಕೋಚ್‌ಗೆ ಏಕಕಾಲಕ್ಕೆ 20ಕ್ಕಿಂತ ಹೆಚ್ಚು ಜನ ಬೇಡ. ಮನೋರೋಗ ಇರುವವರ ಉದ್ಯೋಗಕ್ಕೆ ಹಲವು ದೇಶಗಳಲ್ಲಿ ಬಳಕೆಯಲ್ಲಿರುವ ಐಪಿಎಸ್ (ಇಂಡಿವಿಜುವಲ್ ಪ್ಲೇಸ್‌ಮೆಂಟ್ ಅಂಡ್ ಸಪೋರ್ಟ್) ಪದ್ಧತಿಯ ಅಳತೆಗೋಲೂ ಇದೇ ಮಿತಿ ಇಡುತ್ತದೆ.

ಪ್ರಯೋಗದ ಮೊದಲ ಆರು ತಿಂಗಳು ಹಳೆಯ ದರದಲ್ಲೇ ಹಣ ಕೊಡಿ, ಹೊಸ ಬಿಲ್ಲನ್ನು ಪಕ್ಕದಲ್ಲಿ ಬರೆದಿಡಿ. ಯಾವ ಸಂಸ್ಥೆಗೆ ಎಷ್ಟು ಏರುಪೇರು ಎಂದು ಆಗ ಕಾಣುತ್ತದೆ. ಹಳೆಯ ಪದ್ಧತಿಯಲ್ಲಿ ಸೇರಿದವರನ್ನು ಹಳೆಯದರಲ್ಲೇ ಮುಗಿಸಿ. ನಡುದಾರಿಯಲ್ಲಿ ದರ ಬದಲಿಸಿದರೆ ಅವರನ್ನು ಕೈಬಿಟ್ಟು ಹೊಸಬರನ್ನು ಹುಡುಕಲು ಹೋಗುತ್ತಾರೆ.

ಕೆಲಸದ ಗಂಟೆಯನ್ನೂ ಮರೆಯಬೇಡಿ. ವಾರಕ್ಕೆ 48 ಗಂಟೆ ದುಡಿದರಷ್ಟೇ ಉದ್ಯೋಗ ಎಂದರೆ, 15 ಗಂಟೆ ಮಾತ್ರ ದುಡಿಯಬಲ್ಲವರು ಎಂದೂ ಎಣಿಕೆಗೆ ಬರುವುದಿಲ್ಲ. ಆಸ್ಟ್ರೇಲಿಯಾದ ಹಳೆಯ ಯೋಜನೆಯಲ್ಲಿ ಒಬ್ಬೊಬ್ಬರಿಗೂ ವಾರಕ್ಕೆ 8, 15, 23 ಅಥವಾ 30 ಗಂಟೆ ಎಂದು ಅವರವರ ಅಳತೆ ಇಡುತ್ತಿದ್ದರು, ಅದನ್ನು ಮುಟ್ಟಿದರೆ ಪೂರ್ತಿ ಹಣ. ಗಂಟೆಗೆ ಕನಿಷ್ಠ ವೇತನ ಕೊಟ್ಟಿರಬೇಕು ಎಂಬ ಷರತ್ತಿನೊಂದಿಗೆ ನಾವೂ ಇದನ್ನು ತರಬಹುದು.

ದಾಖಲೆಗೆ ಮಾಲೀಕರ ಪತ್ರಕ್ಕಿಂತ ಪಿಎಫ್ ಪಾಸ್‌ಬುಕ್, ಇಎಸ್‌ಐ ದಾಖಲೆ ಉತ್ತಮ. ವಿಕಲಚೇತನ ನೌಕರರಿಗೆ ಇಎಸ್‌ಐ ವೇತನ ಮಿತಿ ತಿಂಗಳಿಗೆ ₹25,000. ಸಣ್ಣ ಅಂಗಡಿ, ಹೋಟೆಲ್‌ಗಳಲ್ಲಿ ಇವೆರಡೂ ಇರುವುದಿಲ್ಲ, ಅಲ್ಲಿ ಬ್ಯಾಂಕ್ ಖಾತೆಗೆ ಸಂಬಳ ಬಿದ್ದ ಮೂರು ನಮೂದು ಒಪ್ಪಿಕೊಳ್ಳಿ.

ಪ್ರ: ನಮ್ಮ ಮಗಳು ಮೆಲ್ಬರ್ನ್‌ನಲ್ಲಿ ಇಂಥ ಸೇವೆ ಪಡೆಯುತ್ತಿದ್ದಾಳೆ. ಯೋಜನೆಯ ಹೆಸರು ಬದಲಾಯಿತಂತೆ. ಆಮೇಲೆ ಇನ್ನೊಂದು: ಹಣ ಕೊಡುವ ಮೊದಲು ವಿಕಲಚೇತನರನ್ನೇ ಒಂದು ಮಾತು ಕೇಳಬಾರದೇ? — ದಂಪತಿ, ಉಡುಪಿ

ಉ: 2010ರಿಂದ ನಡೆದ ಡಿಸೆಬಿಲಿಟಿ ಎಂಪ್ಲಾಯ್‌ಮೆಂಟ್ ಸರ್ವಿಸಸ್ ಯೋಜನೆಯ ಜಾಗಕ್ಕೆ 2025ರ ನವೆಂಬರ್ 1ರಿಂದ ಇನ್‌ಕ್ಲೂಸಿವ್ ಎಂಪ್ಲಾಯ್‌ಮೆಂಟ್ ಆಸ್ಟ್ರೇಲಿಯಾ ಬಂದಿದೆ. ವಾರಕ್ಕೆ 8 ಗಂಟೆಗಿಂತ ಕಡಿಮೆ ದುಡಿಯಬಲ್ಲವರಿಗೂ ಈಗ ಅವಕಾಶವಿದೆ, ಮೊದಲಿದ್ದ ಎರಡು ವರ್ಷದ ಮಿತಿಯೂ ಹೋಗಿದೆ. ನಿಮ್ಮ ಮಗಳು ತನಗೆ ಇಟ್ಟಿರುವ ಗಂಟೆಯ ಅಳತೆ ಎಷ್ಟು, ಕೆಲಸ ಸಿಕ್ಕ ಮೇಲೆ ಭೇಟಿಗೆ ಯಾರು ಬರುತ್ತಾರೆ, ಸಂಸ್ಥೆ ಬದಲಿಸುವುದು ಹೇಗೆ ಎಂದು ಈಗಲೇ ಕೇಳಿಟ್ಟುಕೊಳ್ಳಲಿ.

ಎರಡನೆಯ ಮಾತಿಗೆ: ಕೇಳಲೇಬೇಕು, ಆದರೆ ಕೇಳುವ ರೀತಿ ಮುಖ್ಯ. ‘ಸೇವೆ ತೃಪ್ತಿಕರ’ ಎಂಬ ಹಾಳೆಗೆ ಸಹಿ ಇದ್ದರೆ ಮಾತ್ರ ಕಂತು ಎಂದು ಮಾಡಿದರೆ, ಸೇರಿದ ಮೊದಲ ದಿನವೇ ಖಾಲಿ ಹಾಳೆಗೆ ಸಹಿ ಹಾಕಿಸಿಕೊಳ್ಳುತ್ತಾರೆ. ಅದರ ಬದಲು 13ನೇ ಮತ್ತು 26ನೇ ವಾರ ಸಂಸ್ಥೆಗೆ ಸಂಬಂಧವಿಲ್ಲದವರು ಫೋನ್ ಮಾಡಬೇಕು, ಕಿವುಡರಾದರೆ ಸಂಜ್ಞಾ ಭಾಷೆಯಲ್ಲಿ ವಿಡಿಯೊ ಕರೆ. ಪ್ರಶ್ನೆ ನಾಲ್ಕೇ ಸಾಕು: ಈಗಲೂ ಅದೇ ಕೆಲಸದಲ್ಲಿದ್ದೀರಾ? ಹೋದ ತಿಂಗಳು ಕೈಗೆ ಎಷ್ಟು ಬಂತು? ಸಂಸ್ಥೆಯವರು ಕೊನೆಯ ಸಲ ಬಂದದ್ದು ಯಾವಾಗ? ಈ ಕೆಲಸ ನೀವು ಕೇಳಿದ್ದೋ, ಅವರು ಹೇಳಿದ್ದೋ? ಬೌದ್ಧಿಕ ಅಸಾಮರ್ಥ್ಯ ಇರುವವರಿಗೆ ಫೋನ್ ಬೇಡ, ನೇರ ಹೋಗಿ, ಚಿತ್ರಗಳ ಕಾರ್ಡ್ ಇಟ್ಟು ಕೇಳಬೇಕು, ಮನೆಯವರು ಪಕ್ಕದ ಕೋಣೆಯಲ್ಲಿರಲಿ. ಉತ್ತರ ಕೆಟ್ಟದಾಗಿ ಬಂತೆಂದು ಒಬ್ಬರ ಕಂತು ತಡೆಯಬೇಡಿ, ತಡೆದರೆ ಒತ್ತಡ ಬೀಳುವುದು ಉತ್ತರ ಕೊಟ್ಟವರ ಮೇಲೆಯೇ. ಸಂಸ್ಥೆಯ ಆರು ತಿಂಗಳ ಉತ್ತರಗಳನ್ನು ಒಟ್ಟು ಮಾಡಿ, ಮುಂದಿನ ವರ್ಷ ಅವರಿಗೆ ಎಷ್ಟು ಜನರನ್ನು ಕಳಿಸಬೇಕು ಎಂಬುದನ್ನು ಅದರ ಮೇಲೆ ತೀರ್ಮಾನಿಸಿ.